‘ಎಷ್ಟು ಗಂಟೆಗೆ?’: ಪೋರ್ಚುಗೀಸಿನಲ್ಲಿ ಕೇಳುವ ಬಗೆ

ಪೋರ್ಚುಗೀಸಿನಲ್ಲಿ ಕಾರ್ಯಕ್ರಮದ ಹೊತ್ತು ಕೇಳಲು ನಾನು ಆಸರೆಯಾಗಿ ಹಿಡಿದದ್ದು ಕನ್ನಡದ ‘ಗೆ’ಯನ್ನು. ‘ಎಷ್ಟು ಗಂಟೆ?’ ಎಂದರೆ ಈಗಿನ ಹೊತ್ತು, ‘ಎಷ್ಟು ಗಂಟೆಗೆ?’ ಎಂದರೆ ಗೊತ್ತುಮಾಡಿದ ಹೊತ್ತು. ಅಲ್ಲೂ ಹಾಗೆಯೇ. ‘ಕಿ ಓರಶ್ ಸಾಂವ್?’ ಮೊದಲನೆಯದು, ‘ಅ ಕಿ ಓರಶ್ ಎ ಉ ಕೊನ್ಸೇರ್ತು?’ (ಸಂಗೀತ ಕಛೇರಿ ಎಷ್ಟು ಗಂಟೆಗೆ?) ಎರಡನೆಯದು. ಮೊದಲಿನ ಆ ‘ಅ’ಯೇ ನಮ್ಮ ‘ಗೆ’. ಬ್ರೆಜಿಲ್‌ನ ಆಡುಮಾತಿನಲ್ಲಿ ಅದು ಬಿದ್ದುಹೋಗುವುದುಂಟು, ಆದರೂ ಕಲಿಯುವವರು ಬಿಡದಿರುವುದೇ ಒಳ್ಳೆಯದು. (ಇಲ್ಲಿನ ಉಚ್ಚಾರಣೆ ಲಿಸ್ಬನ್ನಿನದು. ಕರಾವಳಿಯ ಕ್ರೈಸ್ತರ ಕೊಂಕಣಿಯಲ್ಲಿ ಗಂಟೆಗೆ ‘ವೊರಾಂ’ ಎನ್ನುವುದು ಈ ‘ಓರಶ್’ನಿಂದಲೇ ಬಂದದ್ದು.)

ಕನ್ನಡ ನಮ್ಮನ್ನು ತಪ್ಪಿಸುವುದು ‘ಇದೆ’ಯಲ್ಲಿ. ‘ಕಛೇರಿ ಎಷ್ಟು ಗಂಟೆಗೆ ಇದೆ’ ಎನ್ನುವ ರೂಢಿಯಿಂದ, ‘ಇದೆ’ ಎನ್ನುವ ‘ಶ್ತಾ’ ಬಾಯಿಗೆ ಬರುತ್ತದೆ. ಕಾರ್ಯಕ್ರಮಕ್ಕೆ ಬೇಕಾದದ್ದು ಮೇಲಿನ ಪ್ರಶ್ನೆಯಲ್ಲಿದ್ದ ‘ಎ’. ಸಭೆಯ ಹೊತ್ತು ಗೊತ್ತುಮಾಡಿದೆ ಎನ್ನುವಾಗ ಮಾತ್ರ ‘ಶ್ತಾ ಮರ್ಕಾದ ಪರ ಅಶ್ ತ್ರೇಶ್’, ಮೂರಕ್ಕೆ ಇಟ್ಟಿದೆ. ಇಲ್ಲಿ ‘ಗೆ’ಯ ಕೆಲಸಕ್ಕೆ ‘ಪರ’ ಬಂದಿರುವುದರಿಂದ ‘ಅಶ್’ ಹ್ರಸ್ವ. ದೀರ್ಘ ‘ಆಶ್’ನಲ್ಲಿ ‘ಗೆ’ಯ ‘ಅ’ ಆಗಲೇ ಸೇರಿದೆ, ಅದನ್ನು ಹಾಕಿದರೆ ‘ಗೆ’ ಎರಡು ಸಲ ಹೇಳಿದಂತೆ.

ಉತ್ತರದಲ್ಲಿ ‘ಆಶ್’ ಬಹುವಚನ: ‘ಆಶ್ ದುವಶ್’, ಎರಡಕ್ಕೆ. ಒಂದು ಗಂಟೆಗೆ ‘ಆ ಉಮ’, ನಡುಹಗಲಿಗೆ ‘ಅವು ಮೈಯು ದೀಯ’. ಹನ್ನೆರಡೂವರೆಗೆ ಕೊನೆಯಲ್ಲಿ ‘ಇ ಮೈಯ’ ಸೇರುತ್ತದೆ, ‘ಇ ಮೈಯು’ ಅಲ್ಲ. ಅರ್ಧವಾಗಿರುವುದು ‘ಓರ’, ಅದು ಸ್ತ್ರೀಲಿಂಗ.

ಕೇಳುವುದಕ್ಕಿಂತ ಉತ್ತರ ತಿಳಿಯುವುದೇ ಕಷ್ಟ. ಏಳೂಮುಕ್ಕಾಲಿಗೆ ಪೋರ್ಚುಗಲ್‌ನಲ್ಲಿ ‘ಓಯ್ತು ಮೇನುಶ್ ಉಂ ಕ್ವಾರ್ತು’, ಎಂಟಕ್ಕೆ ಕಾಲು ಕಡಿಮೆ, ಎನ್ನುತ್ತಾರೆ. ಮೊದಲು ಕಿವಿಗೆ ಬೀಳುವುದು ಎಂಟು. ಅದನ್ನೇ ಹಿಡಿದು ಹೊರಟರೆ ಹದಿನೈದು ನಿಮಿಷ ತಡ. ಬ್ರೆಜಿಲ್‌ನವರ ಮಾತು ನಮ್ಮ ‘ಎಂಟಕ್ಕೆ ಹದಿನೈದು ನಿಮಿಷ ಇದೆ’ಗೆ ಹತ್ತಿರ. ರೈಲು, ಟಿಕೆಟ್, ಭಿತ್ತಿಪತ್ರಗಳಲ್ಲಿ 24 ಗಂಟೆಯ ಲೆಕ್ಕ, 20h30 ಎಂಬಂತೆ. ಆಗ ‘ತ್ರೇಶ್’ (3) ಮತ್ತು ‘ತ್ರೇಜ಼್’ (13, ಅಂದರೆ ಮಧ್ಯಾಹ್ನ ಒಂದು) ಬೆರೆತುಹೋಗುತ್ತವೆ. ಶುಕ್ರವಾರ ‘ಸೈಶ್ತ’ (ಆರನೆಯದು), ಆರು ‘ಸೈಶ್’. ‘ನ ಸೈಶ್ತ ಆಶ್ ಸೈಶ್’ ಎಂದಾಗ ದಿನ ಯಾವುದು, ಗಂಟೆ ಯಾವುದು ಎಂದು ಬಿಡಿಸಿಕೊಳ್ಳಬೇಕು. ವಾರದ ಎಣಿಕೆ ಭಾನುವಾರದಿಂದ, ಹಾಗಾಗಿ ‘ಎರಡನೆಯದು’ ಎಂಬ ಹೆಸರಿನದು ಸೋಮವಾರ.

ಅದಕ್ಕೇ ಕೇಳಿಸಿಕೊಂಡದ್ದನ್ನು ಬೇರೆ ರೂಪದಲ್ಲಿ ತಿರುಗಿ ಹೇಳುತ್ತೇನೆ: ಅವರು ‘ಎಂಟಕ್ಕೆ ಕಾಲು ಕಡಿಮೆ’ ಎಂದರೆ ನಾನು ‘ಏಳು ನಲವತ್ತೈದು, ಸೇರ್ತು?’. ‘ಸೇರ್ತು’ ಎಂದರೆ ಸರಿ ತಾನೆ. ‘ದ ಮದ್ರುಗಾದ’ ಸೇರಿದ್ದರೆ ನಡುರಾತ್ರಿ ದಾಟಿದ ಹೊತ್ತು, ಆಗ ತಾರೀಖನ್ನೂ ಕೇಳಬೇಕು. ಬಾಗಿಲು ತೆರೆಯುವ ಹೊತ್ತೇ ಬೇಕಿದ್ದರೆ ‘ಅ ಕಿ ಓರಶ್ ಆಬ್ರೈಂ ಅಶ್ ಪೋರ್ತಶ್?’. ಶುರುವಾಗುವ ಹೊತ್ತು ಬೇರೆಯೇ ಇರುತ್ತದೆ.

ಊರಿನಿಂದಲೇ ಆನ್‌ಲೈನ್ ಸಭೆ ಸೇರುವವರು ಲಿಸ್ಬನ್ ಸಮಯಕ್ಕೆ ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಕೂಡಿಸಬೇಕು. ಗಡಿಯಾರ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಅಜ಼ೋರ್ಸ್ ದ್ವೀಪಗಳು ಲಿಸ್ಬನ್‌ಗಿಂತ ಒಂದು ಗಂಟೆ ಹಿಂದೆ. ಬ್ರೆಜಿಲ್‌ನ ರಾಜಧಾನಿ ಬ್ರೆಜ಼ೀಲಿಯದ ಸಮಯಕ್ಕೆ ವರ್ಷವಿಡೀ ಎಂಟೂವರೆ. 2019ರಲ್ಲಿ ಬ್ರೆಜಿಲ್ ಬೇಸಿಗೆಯ ಗಡಿಯಾರವನ್ನು ಕೈಬಿಟ್ಟಿತು. ಅಲ್ಲಿ ರಾತ್ರಿ ಎಂಟಕ್ಕೆ ಎಂದರೆ ಇಲ್ಲಿ ಮರುದಿನ ಬೆಳಗಿನ ನಾಲ್ಕೂವರೆ.