ಹಳೆ ಫಿಯಟ್ಟನ್ನು ಷೋಗೆ ತಯಾರು ಮಾಡುವುದು ಹೇಗೆ?

ಕಲಬುರಗಿಯ ಯಾವ ಗ್ಯಾರೇಜಿನಲ್ಲಿ ಹಳೆ ಫಿಯಟ್ ಬಿಟ್ಟು 'ಷೋರೂಂ ಕಂಡೀಷನ್ ಮಾಡ್ರಿ' ಅಂದರೂ ಗಾಡಿ ಫಳಫಳ ಹೊಳೆಯುತ್ತಾ ಹೊರಗೆ ಬರುತ್ತದೆ. ವಿಂಟೇಜ್ ಕಾರುಗಳ ಸ್ಪರ್ಧೆಗೆ ಅದೊಂದೇ ಸಾಲದು. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೇ ಇದೆಯಾ ಅಂತ ಅಲ್ಲಿ ನೋಡುತ್ತಾರೆ. ಎಷ್ಟೋ ಕಡೆ ಮೊದಲೇ 100 ಅಂಕ ಕೊಟ್ಟು, ತಪ್ಪು ಸಿಕ್ಕ ಹಾಗೆ ಕಳೆಯುತ್ತಾ ಹೋಗುತ್ತಾರೆ.

ಹಾಗಾಗಿ ಮೊದಲು ಗಾಡಿಯ ವರ್ಷ ಗಟ್ಟಿ ಮಾಡಿಕೊಳ್ಳಿ. ಮುಂಬೈನ ಪ್ರೀಮಿಯರ್ ಕಂಪನಿ 1960ರ ದಶಕದಲ್ಲಿ ಮಾಡಿದ ಫಿಯಟ್ 1100ಡಿ ಮತ್ತು ಮುಂದೆ ಬಂದ ಪದ್ಮಿನಿ ನೋಡೋಕೆ ಅಣ್ಣತಮ್ಮ. ಆದರೆ ಇದರ ಗ್ರಿಲ್ ಅದಕ್ಕೆ ಹಾಕಿದರೆ ಅಂಕ ಹೋಯಿತು. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಆರ್‌ಸಿ ಬುಕ್ಕಿಗೆ ತಾಳೆಯಾಗಬೇಕು. ಟ್ಯಾಕ್ಸಿ ಓಡಿಸುವಾಗ ಯಾರೋ ಡೀಸೆಲ್ ಎಂಜಿನ್ ಕೂರಿಸಿದ್ದರೆ ಅಲ್ಲೇ ನಿಲ್ಲಿ, ಖರ್ಚಿನ ಲೆಕ್ಕ ಮತ್ತೊಮ್ಮೆ ಹಾಕಿ.

ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಬೋಲ್ಟುಗಳನ್ನು ಚೀಟಿ ಅಂಟಿಸಿದ ಬೇರೆ ಬೇರೆ ಕವರಿಗೆ ಹಾಕಿ.

ಆಮೇಲೆ ಬಾಡಿ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಕೆಳಭಾಗ, ಚಕ್ರದ ಕಮಾನು, ಡಿಕ್ಕಿ ತಳದ ಮೇಲೆ ಆಡಿಸಿ. ಹಿಡಿಯದ ಕಡೆ ಒಳಗೆ ಪುಟ್ಟಿ ದಪ್ಪಗಿದೆ ಅಂತ ಅರ್ಥ. ಅದನ್ನು ಕೆರೆದು, ತುಕ್ಕು ತಿಂದ ಪತ್ರಾ ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಬೇಕು. 'ಪುಟ್ಟಿ ಹಚ್ಚಿದ್ರೆ ಮುಗೀತು' ಅನ್ನುವ ಡೆಂಟರ್ ಈ ಕೆಲಸಕ್ಕೆ ಬೇಡ.

ಪೇಂಟಿಂಗ್‌ಗೆ ನಮ್ಮ ಹವೆಯೇ ದೊಡ್ಡ ತಲೆನೋವು. ಏಪ್ರಿಲ್-ಮೇ ಬಿಸಿಲಿಗೆ ಥಿನ್ನರ್ ಬೇಗ ಆರಿಬಿಡುತ್ತದೆ. ಪೇಂಟು ಹರಡಿಕೊಳ್ಳುವ ಮೊದಲೇ ಗಟ್ಟಿಯಾಗಿ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ನಿಲ್ಲುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಥೆ. ಗಾಳಿಯ ತೇವಕ್ಕೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಅನ್ನುವ ಹಳೇ ಬಗೆಯ, ಬೇಗ ಆರುವ ಪೇಂಟು ಬೆಳ್ಳಗೆ ಮಸುಕಾಗುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಒಳಗೆ ಹೊಡೆಸುವುದು ವಾಸಿ. ಬೇಸಿಗೆಯಲ್ಲೇ ಮಾಡಬೇಕೆಂದರೆ ನಿಧಾನಕ್ಕೆ ಆರುವ ಥಿನ್ನರ್ ತರಿಸಿ, ಬೆಳಗಿನ ತಂಪಿನಲ್ಲೇ ಹೊಡೆಸಿ. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ. ಮೆಟಾಲಿಕ್ ಬಣ್ಣದ ಆಸೆ ಮಾತ್ರ ಬಿಡಿ. ಆ ಕಾಲದ ಫಿಯಟ್ಟಿಗೆ ಅದು ಹೊಂದುವುದಿಲ್ಲ.

ಕ್ರೋಮ್ ಕೆಲಸದಲ್ಲಿ ಮೋಸ ಹೋಗುವವರು ಜಾಸ್ತಿ. ಮೇಲಿನ ಕ್ರೋಮ್ ಪದರ ತೀರಾ ತೆಳು. ಹೊಳಪು ಬರುವುದು ಕೆಳಗಿನ ತಾಮ್ರ, ನಿಕಲ್ ಪದರಗಳಿಂದ ಮತ್ತು ಅವಕ್ಕೆ ಕೊಡುವ ಪಾಲಿಶ್‌ನಿಂದ. ಹ್ಯಾಂಡಲ್, ಲಾಂಛನದಂಥ ಸತುವಿನ ಎರಕದ ಭಾಗಗಳಲ್ಲಿ ಸಣ್ಣ ಗುಳಿ ಬಿದ್ದಿರುತ್ತವೆ. ಗುಳಿಯ ಕೊಳೆ ಪೂರಾ ಕೆರೆದು, ತಾಮ್ರ ತುಂಬಿ, ತಿಕ್ಕಿ, ಆಮೇಲೆ ಪ್ಲೇಟಿಂಗ್ ಮಾಡಬೇಕು. ಸುಮ್ನೆ ತೊಟ್ಟಿಗೆ ಅದ್ದಿ ಕೊಟ್ಟರೆ ಸ್ವಲ್ಪ ದಿನಕ್ಕೇ ಗುಳ್ಳೆ ಏಳುತ್ತದೆ.

ಇನ್ನು ಚಿಲ್ಲರೆ ಸಾಮಾನು. ಗೆಲ್ಲೋದು, ಸೋಲೋದು ಇಲ್ಲೇ. ಬಾನೆಟ್ ಎತ್ತಿದ ಕೂಡಲೇ ಪ್ಲಾಸ್ಟಿಕ್ ಟೈ ಕಂಡರೆ, ಒಂದು ಗೀಟಿನ ಸ್ಕ್ರೂ ಇರಬೇಕಾದ ಕಡೆ ಪ್ಲಸ್ ಸ್ಕ್ರೂ ಇದ್ದರೆ, ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೋ ಜಾಗದಲ್ಲಿ ಈಗಿನ ಆಲ್ಟರ್ನೇಟರ್ ಕೂತಿದ್ದರೆ, ತೀರ್ಪುಗಾರರ ಪೆನ್ನು ಓಡುತ್ತದೆ. ಈಗಿನ ಕಾಲದ ರೇಡಿಯಲ್ ಟೈರಿಗೂ ಅದೇ ಗತಿ. ಕಾರ್ಖಾನೆಯಲ್ಲಿ ಮಂಕು ಕಪ್ಪು ಬಳಿದ ಭಾಗಕ್ಕೆ ಕ್ರೋಮ್ ಹಾಕಿಸಿದರೂ ತಪ್ಪೇ. ಅಸಲಿ ಭಾಗಗಳಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರಾಯಿತು. ಒಂದು ತುದಿಗೆ ಮುಂಬೈನ ಚೋರ್ ಬಜಾರ್, ಇನ್ನೊಂದು ತುದಿಗೆ ಬೆಂಗಳೂರಿನ ಜೆ.ಸಿ. ರಸ್ತೆ. ಹಳೇ ಭಾಗ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ, ಪಕ್ಕಕ್ಕಿಟ್ಟು ಹೋಲಿಸಿ.

ಎಲ್ಲ ಒರಿಜಿನಲ್ ಆಗಿ, ಪೇಂಟು ಮಾಸಿದ್ದರೂ ಗಟ್ಟಿಯಿರುವ ಗಾಡಿ ಸಿಕ್ಕಿದೆಯಾ? ಮುಟ್ಟಬೇಡಿ. ದೊಡ್ಡ ಸ್ಪರ್ಧೆಗಳಲ್ಲಿ ಅಂಥವಕ್ಕೆ ಬೇರೆ ವಿಭಾಗವೇ ಇರುತ್ತದೆ.

ಕಾಗದಪತ್ರದ ವಿಷಯ. 50 ವರ್ಷ ದಾಟಿದ, ಮೂಲ ರೂಪ ಬದಲಾಗದ ಕಾರನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ನಿಯಮದಲ್ಲಿ ಇಟ್ಟಿರುವ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಆಮೇಲೆ ಆ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲಿಗೆ ಬಿಟ್ಟು ದಿನದ ಓಡಾಟಕ್ಕೆ ತೆಗೆಯುವಂತಿಲ್ಲ. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಗಾಣಗಾಪುರಕ್ಕೆ ಹೋಗಿಬರುವ ಆಸೆಯಿದ್ದರೆ ಹಳೇ ನೋಂದಣಿಯನ್ನೇ ನವೀಕರಿಸಿಕೊಳ್ಳಿ.