ಇಪ್ಪತ್ತು ನಿಮಿಷ ತಡವಾಗಿ ತೆರೆಯುವ ಗೇಟು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನ ಹಾಗೆ ಕಾರ್ಖಾನೆಯ ಸಾರಿಗೆ ನೋಡಿಕೊಳ್ಳುವವರು ನಾಲ್ಕು ಜನ ಸೇರಿದರೆ ಮಾತು ಒಂದೇ: ಗುತ್ತಿಗೆ ಬಸ್ಸಿನ ಬಾಡಿಗೆ ಈ ವರ್ಷ ಎಷ್ಟು ಏರಿತು? ಈಗೀಗ ಆ ಮಾತು ಬಂದಾಗ ನಾನು ಸುಮ್ಮನೆ ಕಾಫಿ ಕುಡಿಯುತ್ತೇನೆ. ಇದ್ದ ಮೂರು ಬಸ್ಸುಗಳಲ್ಲಿ ಎರಡನ್ನು ಬಿಡಿಸಿದ್ದೇನೆ. “ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಿಟಿ ಬಸ್ಸಿನಲ್ಲಿ ಬಂದು ಹೊತ್ತಿಗೆ ಸರಿಯಾಗಿ ಮೆಷಿನ್ ಮುಂದೆ ಕೂರುವುದುಂಟೇ?” ಎಂದು ನಕ್ಕವರೇ ಈಗ ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಬರೆದೇ ಬಿಡುತ್ತೇನೆ.

ನಮ್ಮಲ್ಲಿ ಸುಮಾರು 180 ಜನ, ಮುಕ್ಕಾಲು ಪಾಲು ಹೆಂಗಸರು. ಮೂರು ಬಸ್ಸಿಗೆ ತಿಂಗಳಿಗೆ ಎರಡೂವರೆ ಲಕ್ಷದ ಮೇಲೆ ಹೋಗುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ, ಹೆಂಗಸರಿಗೆ ಉಚಿತ ಬಸ್ ಇರುವಾಗ ನಾವೇಕೆ ದುಡ್ಡು ಸುರಿಯಬೇಕು ಎಂದು ಮಾಲೀಕರು ಕೇಳಿದರು. ಒಂದು ಬಸ್ ನಿಲ್ಲಿಸಿದೆವು. ಮೊದಲ ವಾರವೇ 8.30ರ ಸೈರನ್ ಕೂಗಿದಾಗ ಮೂವತ್ತು ಮೆಷಿನ್ ಖಾಲಿ. ಬಸ್ ಇರಲಿಲ್ಲವೆಂದಲ್ಲ. ಕುವೆಂಪುನಗರ, ಶ್ರೀರಾಂಪುರದವರು ನಗರ ಬಸ್ ನಿಲ್ದಾಣಕ್ಕೆ ಬಂದು ಬಸ್ ಬದಲಿಸಬೇಕು. ಅಲ್ಲಿ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿಯ ಕಾರ್ಖಾನೆಗಳೆಲ್ಲ ಅದೇ ಬಾಗಿಲಿಗೆ ಜೋತುಬಿದ್ದಿರುತ್ತವೆ. ಎಲ್ಲರದೂ ಎಂಟೂವರೆಯೇ ಅಲ್ಲವೇ! ಒಂದು ಲೋಡ್ ತಡವಾಯಿತು. ನಷ್ಟ ನಲವತ್ತು ಸಾವಿರದ ಆಸುಪಾಸು, ಬೈಗುಳ ಬೇರೆ.

ಆಮೇಲೆ ಮೂರು ವಾರ ಬೆಳಿಗ್ಗೆ ಏಳಕ್ಕೇ ಹೋಗಿ ನಿಲ್ದಾಣದಲ್ಲಿ ನಿಂತೆ. ಪುಸ್ತಕ ಹಿಡಿದು ಬರೆದರೆ ಕಂಡಕ್ಟರುಗಳು ನನ್ನನ್ನು ತಪಾಸಣೆಯವನೆಂದು ತಿಳಿದು ಗಂಭೀರವಾಗುತ್ತಿದ್ದರು. ಹಾಗಾಗಿ ಬಲಜೇಬಿಗೆ ಹುಣಸೆ ಬೀಜ ತುಂಬಿಕೊಂಡೆ. ನಿಂತು ಹೋಗುವ ಹತ್ತು ಜನಕ್ಕೆ ಒಂದು ಬೀಜ ಎಡಜೇಬಿಗೆ. ಬಸ್ ಹೊರಟ ಮೇಲೆ ಎಣಿಸಿ ಮೊಬೈಲಿನಲ್ಲಿ ಗುರುತು ಮಾಡಿಕೊಳ್ಳುವುದು. 7.30ರಿಂದ 7.50ರೊಳಗೆ ಹೊರಟ ಬಸ್ಸುಗಳಿಗೆ ಐದು, ಆರು ಬೀಜ. ಎಂಟು ದಾಟಿದರೆ ಒಂದು, ಕೆಲವು ದಿನ ಅದೂ ಇಲ್ಲ. ಅದೇ ದಾರಿ, ಅದೇ ಬಸ್. ಯಾವುದು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಅಲ್ಲಿ ಹೂ ಮಾರುವಾಕೆ ಬೋರ್ಡು ನೋಡದೆಯೇ ಹೇಳುತ್ತಿದ್ದರು; ನನ್ನ ಪಟ್ಟಿಗಿಂತ ಅವರ ಬಾಯಿಮಾತೇ ಸರಿಯಿತ್ತು.

ಹೀಗೆ ಗೊತ್ತಾದ ಮೇಲೂ ಎರಡು ಸಲ ಎಡವಿದೆ. ಮೊದಲು, ಜನ ಸೇರುವ ಮುನ್ನವೇ ಬಂದುಬಿಡಲಿ ಎಂದು ಶಿಫ್ಟನ್ನು 8.10ಕ್ಕೆ ತಂದೆ. ಒಲೆ, ನಲ್ಲಿ ನೀರು, ಮಕ್ಕಳ ಶಾಲೆ ಯಾವುದೂ ನನ್ನ ಲೆಕ್ಕದಲ್ಲಿ ಇರಲಿಲ್ಲ. “ಸಾರ್, ಬಸ್ಸೂ ಖಾಲಿ, ನಮ್ಮ ಊಟದ ಡಬ್ಬಿಯೂ ಖಾಲಿ” ಎಂದರು ಒಬ್ಬ ಹಳೆಯ ಟೈಲರಮ್ಮ. ಹದಿನೈದು ದಿನದಲ್ಲಿ ಎಂಟೋ ಒಂಬತ್ತೋ ಜನ ಕೆಲಸ ಬಿಟ್ಟರು. ಎರಡನೆಯ ಸಲ ಹೊಲಿಗೆಯವರನ್ನು ಮೂರು ಹೊತ್ತಿಗೆ ಒಡೆದೆ. ಕಾಲರ್ ಕೂರಿಸುವವರು ಬಂದಿದ್ದಾರೆ, ಭುಜ ಹೊಲಿಯುವವರು ಇನ್ನೂ ಬಸ್ಸಿನಲ್ಲಿ! ನಾಲ್ಕೇ ದಿನಕ್ಕೆ ಅದನ್ನು ಕೈಬಿಟ್ಟೆ.

ಕೊನೆಗೆ ನಿಂತದ್ದು ಇದು: ಕಟಿಂಗ್‌ನವರದು ಮೊದಲಿನಂತೆ 8.30, ಅವರೆಲ್ಲ ಬೈಕಿನಲ್ಲಿ ಬರುವ ಗಂಡಸರು. ಹೊಲಿಗೆ, ಚೆಕಿಂಗ್ ಎಲ್ಲ 8.50. ಇವರು ಬಂದು ಕೂರುವಷ್ಟರಲ್ಲಿ ಕತ್ತರಿಸಿದ ಬಟ್ಟೆಯ ಬಂಡಲ್ ಸಿದ್ಧ. ನಮ್ಮವರೇ ನೂರು ಜನ ಒಂದು ಬಸ್ಸಿಗೆ ಮುಗಿಬೀಳದಂತೆ ಬಡಾವಣೆವಾರು ಮೂರು ಬಸ್ಸಿಗೆ ಹಂಚಿದೆ. ಸಂಜೆ ಮಾತ್ರ ಇಪ್ಪತ್ತು ನಿಮಿಷ ತಡವಾಗಿ ಬಿಡಲು ಯಾರೂ ಒಪ್ಪಲಿಲ್ಲ, ಕತ್ತಲಾಗುತ್ತದೆ. ಊಟದ ಮುಕ್ಕಾಲು ಗಂಟೆಯನ್ನು ಅರ್ಧ ಗಂಟೆ ಮಾಡಲು ಅವರೇ ಕೈಯೆತ್ತಿದರು. ಉಳಿದ ಐದು ನಿಮಿಷವನ್ನು ಎಲ್ಲಿಂದ ತಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ದಸರಾ ದೀಪಾಲಂಕಾರದ ದಿನಗಳಲ್ಲಿ ಮಾತ್ರ ಅರ್ಧ ಗಂಟೆ ಮುಂಚೆ ಬಿಡುತ್ತೇನೆ, ಕೆ.ಆರ್. ವೃತ್ತದ ಜನಜಂಗುಳಿಯಲ್ಲಿ ಸಿಕ್ಕಿಕೊಂಡ ಬಸ್ಸನ್ನು ಯಾವ ಲೆಕ್ಕವೂ ಬಿಡಿಸಲಾರದು.

ನಡುವೆ ಸೈಕಲ್ ಹುಚ್ಚೂ ಹಿಡಿದಿತ್ತು. ಬಸ್ ಇಳಿದರೆ ಗೇಟಿಗೆ ಒಂದು ಕಿಲೋಮೀಟರಿನ ಮೇಲಿದೆ. 2017ರಲ್ಲಿ ಊರಿಗೆ ಬಂದ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ಲುಗಳನ್ನು ನೋಡಿದ್ದೆನಲ್ಲ, ಎಂಟು ಹಳೆಯ ಸೈಕಲ್ ಕೊಂಡು, ಬಣ್ಣ ಹೊಡೆಸಿ ನಿಲ್ಲಿಸಿದೆ. ಒಂದಕ್ಕೆ ಸಾವಿರದ ಎಂಟುನೂರೋ ಏನೋ ಬಿತ್ತು. ಸೀರೆ, ಬುತ್ತಿ ಚೀಲ, ಕಳೆದುಹೋಗುವ ಬೀಗದ ಕೈ. ಈಗ ಒಂದನ್ನು ರಾತ್ರಿ ಕಾವಲುಗಾರ ತುಳಿಯುತ್ತಾನೆ, ಉಳಿದವು ಜನರೇಟರ್ ಶೆಡ್ಡಿನಲ್ಲಿವೆ. ಹೆಂಗಸರು ಗುಂಪಾಗಿ ಮಾತನಾಡುತ್ತಾ ನಡೆದೇ ಬರುತ್ತಾರೆ. ಬಸುರಿಯರು, ಮಂಡಿನೋವಿನವರಿಗಾಗಿ ಒಂದು ವಿದ್ಯುತ್ ಆಟೋವನ್ನು ತಿಂಗಳ ಲೆಕ್ಕಕ್ಕೆ ಗೊತ್ತು ಮಾಡಿದ್ದೇನೆ, ಹದಿನೆಂಟು ಸಾವಿರ.

ಇಲವಾಲದ ಕಡೆಯ ಹಳ್ಳಿಗಳವರಿಗಾಗಿ ಉಳಿಸಿಕೊಂಡ ಬಸ್ಸಿಗೆ 85 ಸಾವಿರ, ಗಂಡಸರ ಪಾಸಿಗೆ ಹತ್ತು ಹನ್ನೆರಡು ಸಾವಿರ. ಎಲ್ಲ ಸೇರಿ ಒಂದೂಕಾಲು ಲಕ್ಷ ದಾಟುವುದಿಲ್ಲ. ಮಾಲೀಕರು ಮೆಚ್ಚಿ ನನಗೊಂದು ಕೈಗಡಿಯಾರ ಕೊಟ್ಟರು.

ಪಕ್ಕದ ಕಾರ್ಖಾನೆಯವರೂ ಶಿಫ್ಟನ್ನು 8.50 ಮಾಡುತ್ತಾರಂತೆ. ಅವರು 300 ಜನ. ಹಾಗಾದರೆ ನನ್ನ ಎಡಜೇಬು ಮತ್ತೆ ಭಾರವಾಗುತ್ತದೆ. ಅವರ ಮೇಲ್ವಿಚಾರಕರನ್ನು ಕಾಫಿಗೆ ಕರೆದು, 9.10 ಮಾಡಿಕೊಳ್ಳಿ ಎಂದು ಹೇಳಿದ್ದೇನೆ. ಯೋಚಿಸುತ್ತೇನೆ ಎಂದಿದ್ದಾರೆ.