ಅಡಾಪ್ಟಿವ್ ಸಿಂಕ್ ಬೇಕೇ ಎಂದು ನಾನು ಅಳೆದು ನೋಡುವ ಬಗೆ

ಹೊಸ ಗೇಮಿಂಗ್ ಮಾನಿಟರ್ ಆರಿಸುವ ಮುಂಚೆ ನಾನು ಹಳೆಯ ಮಾನಿಟರ್ ಮುಂದೆಯೇ ಕೂತು ಹದಿನೈದು ನಿಮಿಷ ಅಳತೆ ಮಾಡುತ್ತೇನೆ. ಅಡಾಪ್ಟಿವ್ ಸಿಂಕ್, ಎಂದರೆ ಗ್ರಾಫಿಕ್ಸ್ ಕಾರ್ಡ್ ಚಿತ್ರ ಕೊಡುವ ವೇಗಕ್ಕೆ ಮಾನಿಟರ್ ತಾನೇ ಹೊಂದಿಕೊಳ್ಳುವ ಸೌಲಭ್ಯ, ನಿಮಗೆ ಎಷ್ಟು ಮುಖ್ಯ ಎಂಬುದನ್ನು ಹೇಳುವುದು ನಿಮ್ಮ ಗ್ರಾಫಿಕ್ಸ್ ಕಾರ್ಡ್ ಮತ್ತು ನೀವು ಆಡುವ ಗೇಮ್. ಡಬ್ಬದ ಮೇಲಿನ ಲೋಗೋ ನೋಡಿದರೆ ಅದು ಗೊತ್ತಾಗುವುದಿಲ್ಲ.

ಅಳತೆಗೆ ಕ್ಯಾಪ್‌ಫ್ರೇಮ್‌ಎಕ್ಸ್ ಎಂಬ ಉಚಿತ ತಂತ್ರಾಂಶ ಸಾಕು. ಗೇಮ್‌ನಲ್ಲೂ ಡ್ರೈವರ್‌ನಲ್ಲೂ ವಿ-ಸಿಂಕ್ (ಫ್ರೇಮನ್ನು ಮಾನಿಟರ್‌ನ ತಾಳಕ್ಕೆ ಕಾಯಿಸುವ ಸೆಟ್ಟಿಂಗ್) ಆಫ್ ಮಾಡಿ, ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್‌ಗಳ ಸಂಖ್ಯೆ) ಮಿತಿ ಏನಾದರೂ ಇದ್ದರೆ ತೆಗೆಯಿರಿ. ಆಗ ಹಳೆಯದು 60 ಹರ್ಟ್ಜ್ ಮಾನಿಟರ್ ಆದರೂ ಕಾರ್ಡ್ ನಿಜವಾಗಿ ಎಷ್ಟು ಫ್ರೇಮ್ ಕೊಡಬಲ್ಲದು ಎಂಬುದು ಕಾಣುತ್ತದೆ. ಈಗಿರುವುದು 1080ಪಿ, ಕೊಳ್ಳಬೇಕೆಂದಿರುವುದು 1440ಪಿ ಆದರೆ ಆ ರೆಸಲ್ಯೂಶನ್‌ನಲ್ಲೇ ಅಳೆಯಬೇಕು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ಡಿಎಸ್‌ಆರ್ 1.78 ಪಟ್ಟು ಎಂದು ಆರಿಸಿದರೆ 1080ಪಿ ಪರದೆಯಲ್ಲೇ 2560×1440 ಸಿಗುತ್ತದೆ. ಎಎಂಡಿಯಲ್ಲಿ ಇದೇ ಕೆಲಸಕ್ಕೆ ವರ್ಚುವಲ್ ಸೂಪರ್ ರೆಸಲ್ಯೂಶನ್ ಇದೆ. ಗೇಮ್‌ನ ಅತಿ ಭಾರದ ಜಾಗದಲ್ಲಿ, ಎಂದರೆ ಜನಜಂಗುಳಿಯ ಪೇಟೆ ಬೀದಿ, ಮಳೆ, ದೊಡ್ಡ ಕಾಳಗ ಇರುವಲ್ಲಿ ಆಡಿ ಎರಡು ಅಂಕಿ ಬರೆದುಕೊಳ್ಳಿ: ಸರಾಸರಿ ಎಫ್‌ಪಿಎಸ್ ಮತ್ತು ಕ್ಯಾಪ್‌ಫ್ರೇಮ್‌ಎಕ್ಸ್ ತೋರಿಸುವ 1% ಲೋ, ಎಂದರೆ ಅತಿ ನಿಧಾನದ ಶೇಕಡಾ ಒಂದರಷ್ಟು ಫ್ರೇಮ್‌ಗಳ ಎಫ್‌ಪಿಎಸ್. ಭಾರದ ಹೊತ್ತಿನಲ್ಲಿ ನಿಮ್ಮ ಆಟ ಹೆಚ್ಚಾಗಿ ಈ ಎರಡರ ಆಸುಪಾಸಿನ ಹರವಿನಲ್ಲಿ ನಡೆಯುತ್ತದೆ. ಮುಂದಿನ ಲೆಕ್ಕವೆಲ್ಲ ಈ ಹರವಿನ ಮೇಲೆ ನಿಂತಿದೆ.

ಮಾನಿಟರ್ ತನ್ನ ಪಾಡಿಗೆ ನಿಗದಿತ ವೇಗದಲ್ಲಿ ಚಿತ್ರ ಬದಲಿಸುತ್ತಿರುತ್ತದೆ, ಇದೇ ರಿಫ್ರೆಶ್ ರೇಟ್. 60 ಹರ್ಟ್ಜ್ ಆದರೆ ಪ್ರತಿ 16.67 ಮಿಲಿಸೆಕೆಂಡಿಗೆ, 144 ಆದರೆ 6.94ಕ್ಕೆ, 240 ಆದರೆ 4.17ಕ್ಕೆ ಒಮ್ಮೆ. ಕಾರ್ಡ್‌ಗೆ ಆ ತಾಳ ಗೊತ್ತಿಲ್ಲ. ಫ್ರೇಮ್ ಅರ್ಧಕ್ಕೆ ಬದಲಾದರೆ ಚಿತ್ರ ಅಡ್ಡಕ್ಕೆ ಸೀಳಿದಂತೆ ಕಾಣುತ್ತದೆ, ಇದೇ ಟೇರಿಂಗ್. ವಿ-ಸಿಂಕ್ ಹಾಕಿದರೆ ಸೀಳು ಹೋಗುತ್ತದೆ, ಆದರೆ ತಡವಾಗಿ ಬಂದ ಫ್ರೇಮ್ ಮುಂದಿನ ಸರದಿಯವರೆಗೆ ಕಾಯಬೇಕು. ಅಡಾಪ್ಟಿವ್ ಸಿಂಕ್‌ನಲ್ಲಿ ಮಾನಿಟರೇ ಕಾರ್ಡ್‌ಗಾಗಿ ಕಾಯುತ್ತದೆ, ಫ್ರೇಮ್ ಬಂದ ಕೂಡಲೇ ತೋರಿಸುತ್ತದೆ.

55 ಎಫ್‌ಪಿಎಸ್ ತೆಗೆದುಕೊಳ್ಳಿ. ಒಂದು ಫ್ರೇಮ್‌ಗೆ 18.18 ಮಿಲಿಸೆಕೆಂಡ್. 60 ಹರ್ಟ್ಜ್ ಪರದೆಯಲ್ಲಿ ವಿ-ಸಿಂಕ್ ಹಾಕಿದರೆ ಹೆಚ್ಚಿನ ಫ್ರೇಮ್‌ಗಳು 16.67 ಮಿಲಿಸೆಕೆಂಡ್ ನಿಲ್ಲುತ್ತವೆ, ಸೆಕೆಂಡಿಗೆ ಐದು ಮಾತ್ರ 33.33 ನಿಲ್ಲುತ್ತವೆ. ಆ ಐದೂ ಕಣ್ಣಿಗೆ ಎಡವಿದಂತೆ ಹೊಡೆಯುತ್ತವೆ. ಅದೇ 55 ಎಫ್‌ಪಿಎಸ್ 144 ಹರ್ಟ್ಜ್ ಪರದೆಗೆ ಹೋದರೆ ಪ್ರತಿ ಫ್ರೇಮ್ ಎರಡು ಇಲ್ಲವೇ ಮೂರು ಸರದಿ, ಎಂದರೆ 13.89 ಅಥವಾ 20.83 ಮಿಲಿಸೆಕೆಂಡ್ ನಿಲ್ಲುತ್ತದೆ. ಏರುಪೇರು ಉಳಿದೇ ಇದೆ, ಆದರೆ 16.67ರಿಂದ 6.94ಕ್ಕೆ ಇಳಿದಿದೆ. 240 ಹರ್ಟ್ಜ್‌ನಲ್ಲಿ ಅದು 4.17 ಮಾತ್ರ. ಹಾಗಾಗಿ ರಿಫ್ರೆಶ್ ರೇಟ್ ಏರಿದಷ್ಟೂ ಅಡಾಪ್ಟಿವ್ ಸಿಂಕ್ ಇಲ್ಲದಿದ್ದರೆ ಆಗುವ ನಷ್ಟ ಕಡಿಮೆಯಾಗುತ್ತ ಹೋಗುತ್ತದೆ. ಇದನ್ನು ಜಾಹೀರಾತುಗಳು ಹೇಳುವುದಿಲ್ಲ, ಆದರೆ ದುಡ್ಡು ಎಲ್ಲಿ ಹಾಕಬೇಕೆಂದು ತೀರ್ಮಾನಿಸಲು ಇದಕ್ಕಿಂತ ಉಪಯುಕ್ತ ಲೆಕ್ಕ ನನಗೆ ಕಂಡಿಲ್ಲ.

ಈಗ ನಿಮ್ಮ ಎರಡು ಅಂಕಿಗಳಿಗೆ ಬನ್ನಿ. ಹರವು 45ರಿಂದ 110ರ ಒಳಗೆ ಓಡಾಡುತ್ತಿದ್ದರೆ, ಎಂದರೆ ಸೈಬರ್‌ಪಂಕ್ 2077ರಂಥ ಭಾರದ ಗೇಮ್, ಮಧ್ಯಮ ದರ್ಜೆಯ ಕಾರ್ಡ್ ಇದ್ದರೆ, ಅಡಾಪ್ಟಿವ್ ಸಿಂಕ್ ಇಲ್ಲದ ಮಾನಿಟರ್ ಕೊಳ್ಳಲೇಬೇಡಿ. ಅದರ ಪೂರ್ತಿ ಲಾಭ ಸಿಗುವುದು ಇಲ್ಲೇ. ಕೌಂಟರ್-ಸ್ಟ್ರೈಕ್ 2, ವ್ಯಾಲರಂಟ್ ಮಾತ್ರ ಆಡುತ್ತೀರಿ, 240 ಹರ್ಟ್ಜ್ ಪರದೆಗೆ ಯಾವಾಗಲೂ 300ರ ಮೇಲೆ ಎಫ್‌ಪಿಎಸ್ ಬರುತ್ತಿದೆ ಎಂದಾದರೆ ಅದು ಇದ್ದರೂ ನೀವು ಬಹುಶಃ ಆಫ್ ಮಾಡಿಯೇ ಆಡುತ್ತೀರಿ. ಆ ವೇಗದಲ್ಲಿ ಸೀಳು ಬಿದ್ದರೂ ಎರಡು ತುಂಡುಗಳ ನಡುವಿನ ಅಂತರ ತೀರಾ ಸಣ್ಣದು. ಅಂಥವರಿಗೆ ಬ್ಯಾಕ್‌ಲೈಟ್ ಮಿನುಗಿಸಿ ಮಸುಕು ತೆಗೆಯುವ ಸೌಲಭ್ಯ ಹೆಚ್ಚು ಉಪಯೋಗ. ಹೆಚ್ಚಿನ ಮಾನಿಟರ್‌ಗಳಲ್ಲಿ ಅದೂ ಅಡಾಪ್ಟಿವ್ ಸಿಂಕೂ ಒಟ್ಟಿಗೆ ನಡೆಯುವುದಿಲ್ಲ, ಒಂದನ್ನು ಹಾಕಿದರೆ ಇನ್ನೊಂದು ತಾನಾಗಿ ಆರುತ್ತದೆ.

ಮೂರನೆಯ ಬಗೆಯ ಗೇಮ್‌ಗಳೂ ಇವೆ. ಎಲ್ಡನ್ ರಿಂಗ್ ಪಿಸಿಯಲ್ಲಿ 60 ಎಫ್‌ಪಿಎಸ್ ದಾಟುವುದಿಲ್ಲ. 144ನ್ನು 60ರಿಂದ ಭಾಗಿಸಿದರೆ 2.4, 165 ಆದರೆ 2.75, ಎರಡೂ ಸಮ ಬೀಳುವುದಿಲ್ಲ. ಅಡಾಪ್ಟಿವ್ ಸಿಂಕ್ ಇದ್ದರೆ ಪರದೆ 60ಕ್ಕೇ ಇಳಿದು ಸರಾಗವಾಗುತ್ತದೆ. ಇಲ್ಲದಿದ್ದರೂ ದಾರಿ ಇದೆ: ವಿಂಡೋಸ್‌ನಲ್ಲಿ ರಿಫ್ರೆಶ್ ರೇಟ್ 120 ಎಂದು ಇಟ್ಟು ವಿ-ಸಿಂಕ್ ಹಾಕಿ. ಪ್ರತಿ ಫ್ರೇಮ್ ಸರಿಯಾಗಿ ಎರಡು ಸರದಿ ನಿಲ್ಲುತ್ತದೆ. ಕಾರ್ಡ್ 60ನ್ನು ಬಿಡದೆ ಕೊಡುವವರೆಗೆ ಇದು ಖರ್ಚಿಲ್ಲದ ಪರಿಹಾರ.

ಬೇಕು ಎಂದು ತೀರ್ಮಾನವಾದ ಮೇಲೆ ನೋಡಬೇಕಾದ್ದು ರೇಂಜ್, ಎಂದರೆ ಎಷ್ಟು ಹರ್ಟ್ಜ್‌ನಿಂದ ಎಷ್ಟರವರೆಗೆ ಅದು ಕೆಲಸ ಮಾಡುತ್ತದೆ ಎಂಬುದು. ಇಲ್ಲೇ ಹೆಚ್ಚು ಜನ ಮೋಸಹೋಗುವುದು. ಫ್ರೀಸಿಂಕ್ (ಅಡಾಪ್ಟಿವ್ ಸಿಂಕ್‌ಗೆ ಎಎಂಡಿ ಇಟ್ಟ ಹೆಸರು) ಎಂದು ಬರೆದ ಎಲ್ಲ ಮಾನಿಟರ್‌ಗಳೂ ಒಂದೇ ಅಲ್ಲ. 48ರಿಂದ 75 ಹರ್ಟ್ಜ್ ರೇಂಜ್ ಇರುವ ಅಗ್ಗದ ಮಾನಿಟರ್‌ನಲ್ಲಿ ಎಫ್‌ಪಿಎಸ್ 47ಕ್ಕೆ ಇಳಿದ ಕ್ಷಣ ಸೌಲಭ್ಯ ಕೈಬಿಡುತ್ತದೆ. ಸೀಳು ಅಥವಾ ತಡವರಿಕೆ ವಾಪಸ್ ಬರುತ್ತದೆ. ಅತಿ ಬೇಕಾದ ಹೊತ್ತಿನಲ್ಲೇ ಅದು ಇರುವುದಿಲ್ಲ. 48ರಿಂದ 144 ರೇಂಜ್ ಇದ್ದರೆ ಹಾಗಾಗುವುದಿಲ್ಲ. 40 ಎಫ್‌ಪಿಎಸ್ ಬಂದಾಗ ಡ್ರೈವರ್ ಪ್ರತಿ ಫ್ರೇಮನ್ನು ಎರಡು ಸಲ ಕಳಿಸಿ ಪರದೆಯನ್ನು 80 ಹರ್ಟ್ಜ್‌ನಲ್ಲಿ ಓಡಿಸುತ್ತದೆ. ಇದಕ್ಕೆ ಎಲ್‌ಎಫ್‌ಸಿ ಎನ್ನುತ್ತಾರೆ. ಗರಿಷ್ಠ ಅಂಕಿ ಕನಿಷ್ಠದ ಎರಡು ಪಟ್ಟಾದರೂ ಇರಬೇಕು, ಇಲ್ಲದಿದ್ದರೆ ಇಮ್ಮಡಿಸಿದ ಅಂಕಿ ಹೊಂದುವ ಜಾಗವೇ ಇರುವುದಿಲ್ಲ. ಆದ್ದರಿಂದ ನಾನು ಮಾಡುವ ಮೊದಲ ಲೆಕ್ಕ ಗರಿಷ್ಠ ಭಾಗಿಸು ಕನಿಷ್ಠ. ಎರಡಕ್ಕಿಂತ ಕಡಿಮೆ ಬಂದರೆ, ನನ್ನ 1% ಲೋ ಆ ಕನಿಷ್ಠಕ್ಕಿಂತ ಮೇಲಿದ್ದರೆ ಮಾತ್ರ ಆ ಮಾನಿಟರ್ ಪರಿಗಣಿಸುತ್ತೇನೆ.

ರೇಂಜ್ ಎಲ್ಲಿ ಸಿಗುತ್ತದೆ? ಮಾರಾಟದ ಪುಟದಲ್ಲಿ ಅಪರೂಪ. ತಯಾರಕರ ಬಳಕೆದಾರ ಕೈಪಿಡಿಯ ಪಿಡಿಎಫ್ ಇಳಿಸಿಕೊಂಡು ಲಂಬ ಆವರ್ತನ, ಅಂದರೆ ವರ್ಟಿಕಲ್ ಫ್ರೀಕ್ವೆನ್ಸಿ ಎಂಬ ಸಾಲು ಹುಡುಕಿ. ಡಿಸ್‌ಪ್ಲೇಪೋರ್ಟ್‌ಗೆ ಒಂದು, ಎಚ್‌ಡಿಎಂಐಗೆ ಇನ್ನೊಂದು ಅಂಕಿ ಇರುವುದುಂಟು, ಎರಡನ್ನೂ ನೋಡಿ. ಮಾನಿಟರ್ ಆಗಲೇ ಕೈಯಲ್ಲಿದ್ದು ಕಾರ್ಡ್ ಎಎಂಡಿಯದಾದರೆ ಆಡ್ರೆನಲಿನ್ ತಂತ್ರಾಂಶದ ಡಿಸ್‌ಪ್ಲೇ ಭಾಗದಲ್ಲೇ ರೇಂಜ್ ಕಾಣುತ್ತದೆ. ಬೇರೆ ಕಾರ್ಡ್ ಆದರೆ ಸಿಆರ್‌ಯು ಎಂಬ ಸಣ್ಣ ತಂತ್ರಾಂಶದಲ್ಲಿ ತೆರೆದು ನೋಡಬಹುದು. ಲೋಗೋಗಳಲ್ಲಿ ನಾನು ಬೆಲೆ ಕೊಡುವುದು ಎರಡಕ್ಕೆ. ಬರೀ ಫ್ರೀಸಿಂಕ್ ಎಂದಿದ್ದರೆ ಎಲ್‌ಎಫ್‌ಸಿ ಖಾತರಿಯಿಲ್ಲ, ಫ್ರೀಸಿಂಕ್ ಪ್ರೀಮಿಯಂ ಎಂದಿದ್ದರೆ ಖಾತರಿ. ಇನ್ನೊಂದು, ಪರದೆಗಳ ಮಾನದಂಡ ರೂಪಿಸುವ ವೆಸಾ ಸಂಸ್ಥೆ 2022ರಲ್ಲಿ ತಂದ ಅಡಾಪ್ಟಿವ್‌ಸಿಂಕ್ ಡಿಸ್‌ಪ್ಲೇ ಪ್ರಮಾಣಪತ್ರ. ಅದು 60ರಿಂದ 144 ಹರ್ಟ್ಜ್‌ವರೆಗಾದರೂ ಕೆಲಸ ಮಾಡಬೇಕೆಂದು ಕೇಳುತ್ತದೆ, ಕಾರ್ಖಾನೆಯಿಂದ ಬಂದ ಸೆಟ್ಟಿಂಗ್‌ನಲ್ಲೇ ಪರೀಕ್ಷಿಸುತ್ತದೆ.

ಪೋರ್ಟ್ ವಿಷಯ ಇನ್ನೂ ದುಬಾರಿ ತಪ್ಪಿಗೆ ದಾರಿ. ಎನ್‌ವಿಡಿಯಾ 2013ರಲ್ಲಿ ತನ್ನದೇ ಅಡಾಪ್ಟಿವ್ ಸಿಂಕ್ ಆದ ಜಿ-ಸಿಂಕ್ ತಂದಾಗ ಮಾನಿಟರ್ ಒಳಗೆ ಅವರದೇ ಮಾಡ್ಯೂಲ್ ಬೇಕಿತ್ತು. 2014ರಲ್ಲಿ ವೆಸಾ ಅಡಾಪ್ಟಿವ್-ಸಿಂಕನ್ನು ಡಿಸ್‌ಪ್ಲೇಪೋರ್ಟ್ 1.2ಎಗೆ ಸೇರಿಸಿತು, ಅದರ ಮೇಲೆ ಎಎಂಡಿಯ ಫ್ರೀಸಿಂಕ್ ಬಂತು. 2019ರ ಜನವರಿಯಲ್ಲಿ 417.71 ಡ್ರೈವರ್‌ನಿಂದ ಎನ್‌ವಿಡಿಯಾ ಕೂಡ ಅಂಥ ಮಾನಿಟರ್‌ಗಳಿಗೆ ಬಾಗಿಲು ತೆರೆಯಿತು. ಆದರೆ ಷರತ್ತು: ಜಿಟಿಎಕ್ಸ್ 10 ಸರಣಿ ಅಥವಾ ಹೊಸ ಕಾರ್ಡ್, ಕೇಬಲ್ ಡಿಸ್‌ಪ್ಲೇಪೋರ್ಟ್‌ನದು. ಹಳೆಯ ಎಚ್‌ಡಿಎಂಐ ಮೇಲಿನ ಫ್ರೀಸಿಂಕ್ ಎಎಂಡಿಯ ಸ್ವಂತ ವ್ಯವಸ್ಥೆ, ಅದು ಎನ್‌ವಿಡಿಯಾ ಕಾರ್ಡ್‌ಗೆ ಸಿಗುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಅಗ್ಗದ ಮಾನಿಟರ್ ತಗೊಳ್ಳುವಾಗ ಮೊದಲು ಹಿಂಭಾಗ ತಿರುಗಿಸಿ ನೋಡಿ. ಎಚ್‌ಡಿಎಂಐ 1.4 ಮತ್ತು ವಿಜಿಎ ಮಾತ್ರ ಇದ್ದರೆ ಜಿಟಿಎಕ್ಸ್ 1650 ಇಟ್ಟುಕೊಂಡವರಿಗೆ ಡಬ್ಬದ ಮೇಲಿನ ಫ್ರೀಸಿಂಕ್ ಪದದಿಂದ ಏನೂ ಸಿಗುವುದಿಲ್ಲ. ಗೇಮಿಂಗ್ ಲ್ಯಾಪ್‌ಟಾಪ್‌ನವರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಎಚ್‌ಡಿಎಂಐ ಪೋರ್ಟ್ ಪ್ರೊಸೆಸರ್ ಜೊತೆಗಿನ ಗ್ರಾಫಿಕ್ಸ್‌ಗೆ ತಂತಿ ಹಾಕಿಸಿಕೊಂಡಿದ್ದರೆ ಜಿ-ಸಿಂಕ್ ಆಯ್ಕೆಯೇ ಕಾಣುವುದಿಲ್ಲ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ಫಿಸ್‌ಎಕ್ಸ್ ಪುಟ ತೆರೆದರೆ ಯಾವ ಪೋರ್ಟ್ ಯಾವ ಚಿಪ್‌ಗೆ ಹೋಗಿದೆ ಎಂಬ ಚಿತ್ರ ಸಿಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಪೋರ್ಟ್ ನೇರ ಎನ್‌ವಿಡಿಯಾಗೆ ಹೋಗಿರುತ್ತದೆ, ಅಲ್ಲಿಂದ ಡಿಸ್‌ಪ್ಲೇಪೋರ್ಟ್ ಕೇಬಲ್ ಎಳೆಯಬಹುದು.

ಪಿಎಸ್5 ಜೋಡಿಸುವವರಿಗೆ ನಿಯಮ ಬೇರೆ. ಅದಕ್ಕೆ 2022ರ ಏಪ್ರಿಲ್‌ನಲ್ಲಿ ವಿಆರ್‌ಆರ್ (ಅಡಾಪ್ಟಿವ್ ಸಿಂಕ್‌ನಂಥದೇ ಸೌಲಭ್ಯ) ಬಂತು, ಅದು ಎಚ್‌ಡಿಎಂಐ 2.1ರ ವಿಆರ್‌ಆರ್ ಮಾತ್ರ. 1440ಪಿಯಲ್ಲಿ ವಿಆರ್‌ಆರ್ ಸೇರಿದ್ದು 2023ರಲ್ಲಿ. ಫ್ರೀಸಿಂಕ್ ಅಷ್ಟೇ ಇರುವ ಮಾನಿಟರ್ ಅದಕ್ಕೆ ಸಾಲದು. ಎಕ್ಸ್‌ಬಾಕ್ಸ್ ಸರಣಿ ಎಕ್ಸ್, ಎಸ್ ಎರಡೂ ಫ್ರೀಸಿಂಕನ್ನೂ ಒಪ್ಪುತ್ತವೆ.

ಇನ್ನು ಪ್ಯಾನಲ್, ಎಂದರೆ ಪರದೆಯ ಬಗೆ. ಅಡಾಪ್ಟಿವ್ ಸಿಂಕ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಪರದೆ ಮಿನುಗುವ ತೊಂದರೆ ವಿಎ ಮತ್ತು ಓಎಲ್‌ಇಡಿ ಪ್ಯಾನಲ್‌ಗಳಲ್ಲಿ ಹೆಚ್ಚು, ಐಪಿಎಸ್‌ನಲ್ಲಿ ಕಡಿಮೆ. ಪ್ಯಾನಲ್‌ನ ಬೆಳಕಿನ ಮಟ್ಟವನ್ನು ನಿಗದಿತ ರಿಫ್ರೆಶ್ ರೇಟ್‌ಗೆ ಹೊಂದಿಸಿರುತ್ತಾರೆ. ರೇಟ್ ಜಿಗಿದಾಗ ಅದೇ ಕಡು ಬೂದು ಬಣ್ಣ ಕೊಂಚ ಬೇರೆಯಾಗಿ ಕಾಣುತ್ತದೆ. ಕತ್ತಲೆ ದೃಶ್ಯ ಮತ್ತು ಲೋಡಿಂಗ್ ಪರದೆಯಲ್ಲಿ ಇದು ಎದ್ದು ಕಾಣುತ್ತದೆ. ಎಲ್‌ಎಫ್‌ಸಿ ಗಡಿಯಲ್ಲಿ ಇನ್ನೂ ಕೆಟ್ಟದು: 49 ಎಫ್‌ಪಿಎಸ್‌ನಲ್ಲಿ ಪರದೆ 49 ಹರ್ಟ್ಜ್, 47ಕ್ಕೆ ಇಳಿದರೆ ಒಮ್ಮೆಲೇ 94. ಗಡಿಯ ಮೇಲೆ ಹಿಂದೆ ಮುಂದೆ ಓಡಾಡಿದರೆ ಕಣ್ಣು ನೋಯುವಷ್ಟು ಮಿನುಗು. ಇದಕ್ಕೆ ನಾನು ಮಾಡುವುದು ಎರಡು. ಮೊದಲು ಗ್ರಾಫಿಕ್ಸ್ ಸೆಟ್ಟಿಂಗ್ಸ್ ತಗ್ಗಿಸಿ, ಹರವು ಕಿರಿದಾಗುವಂತೆ ಎಫ್‌ಪಿಎಸ್‌ಗೆ ಮಿತಿ ಹಾಕುವುದು. 60ರಿಂದ 110 ಓಡಾಡುವ ಗೇಮ್‌ಗೆ 75 ಎಂದು ಕಟ್ಟಿದರೆ ಮಿನುಗು ಬಹಳ ಕಡಿಮೆಯಾಗುತ್ತದೆ. ಅದೂ ಸಾಲದಿದ್ದರೆ ಸಿಆರ್‌ಯುನಲ್ಲಿ ರೇಂಜಿನ ಕನಿಷ್ಠವನ್ನು 48ರಿಂದ 60ಕ್ಕೆ ಏರಿಸುವುದು. 144 ಇನ್ನೂ 60ರ ಎರಡು ಪಟ್ಟಿಗಿಂತ ಹೆಚ್ಚೇ ಇರುವುದರಿಂದ ಎಲ್‌ಎಫ್‌ಸಿ ಕೆಡುವುದಿಲ್ಲ. ಬದಲಾವಣೆ ಮಾಡುವ ಮುಂಚೆ ಅದರ ಜೊತೆ ಬರುವ ರೀಸೆಟ್-ಆಲ್ ಫೈಲ್ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಪರದೆ ಕಪ್ಪಾದರೆ ಸೇಫ್ ಮೋಡ್‌ನಲ್ಲಿ ಅದನ್ನು ಓಡಿಸಿದರೆ ಮೊದಲಿನಂತಾಗುತ್ತದೆ.

ಪಿಕ್ಸೆಲ್‌ಗಳು ಬಣ್ಣ ಬದಲಿಸುವುದನ್ನು ಚುರುಕುಗೊಳಿಸುವ ಓವರ್‌ಡ್ರೈವ್ ಕೂಡ ಇದರ ಜೊತೆ ತಳುಕು ಹಾಕಿಕೊಂಡಿದೆ. 144 ಹರ್ಟ್ಜ್‌ಗೆಂದು ಹೊಂದಿಸಿದ ಅತಿ ವೇಗದ ಓವರ್‌ಡ್ರೈವ್ 60 ಎಫ್‌ಪಿಎಸ್‌ನಲ್ಲಿ ಗುರಿ ಮೀರಿ ತಳ್ಳುತ್ತದೆ, ಚಲಿಸುವ ವಸ್ತುವಿನ ಹಿಂದೆ ಬಿಳಿಚು ಅಂಚು ಹಿಂಬಾಲಿಸುತ್ತದೆ. ಹಳೆಯ ಜಿ-ಸಿಂಕ್ ಮಾಡ್ಯೂಲ್ ಇದನ್ನು ರಿಫ್ರೆಶ್ ರೇಟ್‌ಗೆ ತಕ್ಕಂತೆ ಬದಲಿಸುತ್ತಿತ್ತು; ಉಳಿದ ಬಹುಪಾಲು ಮಾನಿಟರ್‌ಗಳಲ್ಲಿ ಒಂದೇ ಮಟ್ಟ. ಮಧ್ಯದ ಮಟ್ಟ ಇಟ್ಟುಕೊಳ್ಳುವುದು ಕ್ಷೇಮ. ಅಡಾಪ್ಟಿವ್ ಸಿಂಕ್ ಹಾಕಿದಾಗ ಓವರ್‌ಡ್ರೈವ್ ಆಯ್ಕೆಯನ್ನೇ ಬೀಗ ಹಾಕುವ ಮಾನಿಟರ್‌ಗಳೂ ಇವೆ. ಕೊಳ್ಳುವ ಮುಂಚೆ ವಿಮರ್ಶೆಗಳಲ್ಲಿ ಇದೊಂದನ್ನು ಖಂಡಿತ ಹುಡುಕಿ.

ಮಾನಿಟರ್ ಮನೆಗೆ ಬಂದ ದಿನ ಸೆಟ್ಟಿಂಗ್ಸ್ ಈ ಕ್ರಮದಲ್ಲಿ: ಮೊದಲು ಮಾನಿಟರ್‌ನದೇ ಮೆನುವಿನಲ್ಲಿ ಅಡಾಪ್ಟಿವ್ ಸಿಂಕ್ ಅಥವಾ ಫ್ರೀಸಿಂಕ್ ಆನ್ ಮಾಡಿ, ಹಲವು ಮಾಡೆಲ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಅದೇ ಮೆನುವಿನಲ್ಲಿ ಡಿಸ್‌ಪ್ಲೇಪೋರ್ಟ್ ಆವೃತ್ತಿ 1.1ರಲ್ಲಿ ಸಿಕ್ಕಿಕೊಂಡಿಲ್ಲವೇ ನೋಡಿ. ವಿಂಡೋಸ್‌ನ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಪುಟದಲ್ಲಿ ರಿಫ್ರೆಶ್ ರೇಟ್ ಗರಿಷ್ಠಕ್ಕೆ ಏರಿಸಿ. ಇದನ್ನು ಮರೆತು 144ರ ಪರದೆಯನ್ನು 60ರಲ್ಲೇ ಓಡಿಸುವವರು ಬೇಕಾದಷ್ಟು ಜನ. ಆಮೇಲೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ಜಿ-ಸಿಂಕ್ ಹಾಕಿ, ಫುಲ್ ಸ್ಕ್ರೀನ್‌ಗೆ ಮಾತ್ರ ಎಂದು ಆರಿಸಿ. ಎನ್‌ವಿಡಿಯಾ ಪರೀಕ್ಷಿಸಿದ ಪಟ್ಟಿಯಲ್ಲಿಲ್ಲದ ಮಾನಿಟರ್ ಆದರೆ ಕೆಳಗಿರುವ ಇನ್ನೊಂದು ಚೌಕಕ್ಕೂ ಗುರುತು ಹಾಕಬೇಕು. ಡ್ರೈವರ್‌ನಲ್ಲಿ ವಿ-ಸಿಂಕ್ ಆನ್, ಗೇಮ್‌ನಲ್ಲಿ ಆಫ್. ವಿ-ಸಿಂಕ್ ಇಲ್ಲಿ ರೇಂಜಿನ ತುದಿಯಲ್ಲಿ ಜಾರುವ ಫ್ರೇಮ್‌ಗಳಿಗೆ ತಡೆಗೋಡೆಯಷ್ಟೇ. ಕೊನೆಗೆ ಎಫ್‌ಪಿಎಸ್ ಮಿತಿಯನ್ನು ರಿಫ್ರೆಶ್ ರೇಟ್‌ಗಿಂತ ಮೂರು ಕಡಿಮೆ ಇಡಿ, 144ಕ್ಕೆ 141. ಮಿತಿ ಇಲ್ಲದೆ 144 ಮುಟ್ಟಿದರೆ ವಿ-ಸಿಂಕ್ ಪೂರ್ತಿ ಕೈಗೆತ್ತಿಕೊಂಡು ಮೌಸ್ ಭಾರವಾದಂತೆ ಅನಿಸುತ್ತದೆ. ಗೇಮ್‌ನಲ್ಲಿ ರಿಫ್ಲೆಕ್ಸ್ (ತಡ ಕಡಿಮೆ ಮಾಡುವ ಎನ್‌ವಿಡಿಯಾ ಸೌಲಭ್ಯ) ಇದ್ದು ಅದನ್ನು ಆನ್ ಮಾಡಿದರೆ ಡ್ರೈವರೇ 138ರ ಸುಮಾರಿಗೆ ಕಟ್ಟುತ್ತದೆ, ಬೇರೆ ಮಿತಿ ಬೇಡ.

ನಿಜವಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಮಾನಿಟರ್ ಮೆನುವಿನ ರಿಫ್ರೆಶ್ ರೇಟ್ ಅಂಕಿಯನ್ನು ಪರದೆಯ ಮೂಲೆಯಲ್ಲಿ ತೋರಿಸಿ ಗೇಮ್ ತೆರೆಯಿರಿ. ಕ್ಯಾಮೆರಾ ತಿರುಗಿಸಿದಂತೆ ಅದು ಎಫ್‌ಪಿಎಸ್ ಜೊತೆ ಏರಿಳಿಯಬೇಕು. 144ರಲ್ಲೇ ಕದಲದೆ ನಿಂತಿದ್ದರೆ ಅಡಾಪ್ಟಿವ್ ಸಿಂಕ್ ಆನ್ ಆಗಿಲ್ಲ. ಮತ್ತೆ ಕೇಬಲ್‌ನಿಂದ ಶುರುಮಾಡಿ. ನಂತರ ಎಫ್‌ಪಿಎಸ್‌ಗೆ 40ರ ಮಿತಿ ಹಾಕಿ ನೋಡಿ: ಅಂಕಿ 80 ತೋರಿಸಿದರೆ ಎಲ್‌ಎಫ್‌ಸಿ ಇದೆ. ಈ ಪರೀಕ್ಷೆಯನ್ನೂ ಕತ್ತಲೆ ದೃಶ್ಯದ ಮಿನುಗು ಪರೀಕ್ಷೆಯನ್ನೂ ಮಾರಿದವರ ವಾಪಸಾತಿ ಅವಧಿಯೊಳಗೆ ಮುಗಿಸಿ, ಅಲ್ಲಿಯವರೆಗೆ ಡಬ್ಬವನ್ನೂ ಥರ್ಮಾಕೋಲನ್ನೂ ಎಸೆಯಬೇಡಿ.